ಕನ್ನಡಕದ ವಕೀಲರು

ಮಧ್ಯಾಹ್ನ ಕೋರ್ಟಿನಲ್ಲಿ ಟೈಲರಮ್ಮನ ಹೆಸರು ಕೂಗುತ್ತಾರೆ, ಯಾರೂ ಎದ್ದು ನಿಲ್ಲುವುದಿಲ್ಲ. ಬೆಳಗಿನಿಂದ ಸೊಸೆಯ ತಲೆಯನ್ನು ಇದೊಂದೇ ಕೊರೆಯುತ್ತಿತ್ತು. ಮಗುವಿನ ಬಾಟಲಿ ಕುದಿಸಿದೆನೋ ಇಲ್ಲವೋ ಎಂದು ಮತ್ತೆ ಕುದಿಸಿದಳು. ಗ್ಯಾಸ್ ಆರಿಸಿ ಬಂದು, ಆರಿಸಿದೆನೇ ಎಂದು ಮತ್ತೆ ಹೋಗಿ ನೋಡಿದಳು. ಅವೆಲ್ಲ ಅವಳ ದಿನನಿತ್ಯದ ಭಯಗಳು, ಬಂದಂತೆಯೇ ಹೋಗುತ್ತವೆ. ಇದು ಮಾತ್ರ ಹೋಗಲಿಲ್ಲ.

ಎದುರು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬದುಕುತ್ತಿದ್ದವಳು ಟೈಲರಮ್ಮ. ತೀರಿಹೋದ ಗಂಡನ ತಮ್ಮ, ಕೋಣೆ ತನ್ನದು, ಬಿಡಿಸಿಕೊಡಿ ಎಂದು ಅವಳ ಮೇಲೆ ದಾವೆ ಹಾಕಿದ್ದ. ಹಿಂದಿನ ಎರಡು ತಾರೀಖಿಗೂ ಅವಳು ಹೋಗಿರಲಿಲ್ಲ. ಈ ಸಲವೂ ತಪ್ಪಿಸಿಕೊಂಡರೆ ಅವಳ ಮಾತು ಕೇಳದೆಯೇ ತೀರ್ಪು ಆಗಿಹೋಗುತ್ತದೆ. ಹೋಗಬೇಡ ಎಂದು ಅವಳಿಗೆ ಹೇಳಿದವರು ವಕೀಲರು. ಆ ವಕೀಲರು ಈಗ ನಡುಮನೆಯ ಕುರ್ಚಿಯಲ್ಲಿ ಕೂತು ಮೊಮ್ಮಗಳ ಕಾಲಿಗೆ ಕಾಲುಚೀಲ ಹಾಕಲು ಹೆಣಗುತ್ತಿದ್ದರು. ಅವರು ವಕೀಲರೇ ಅಲ್ಲ. ಸೊಸೆಯ ಮಾವ.

ಮಾವ ಆಯುಷ್ಯವೆಲ್ಲ ಕನ್ನಡಕ ಮಾರಿದವರು. ಟೀವಿಗೆ ಬಣ್ಣ ಬಂದ ಹೊಸದರಲ್ಲಿ ಒಬ್ಬ ಧಾರಾವಾಹಿ ನಿರ್ದೇಶಕ ಹೊಸ ಫ್ರೇಮ್ ಹಾಕಿಸಲು ಅಂಗಡಿಗೆ ಬಂದವನು, ಕನ್ನಡಿ ಬಿಟ್ಟು ಇವರ ಮುಖವನ್ನೇ ನೋಡುತ್ತಾ ಕೂತನಂತೆ. “ಈ ಮುಖಕ್ಕೆ ಸುಳ್ಳು ಹೇಳೋಕೆ ಬರಲ್ಲ ಸ್ವಾಮಿ. ವಕೀಲನ ಪಾತ್ರ ಕೊಟ್ರೆ ಜನ ಬಿದ್ದು ಬಿದ್ದು ನಗ್ತಾರೆ,” ಅಂದನಂತೆ.

ಜನ ನಕ್ಕರು. ಅವನು ಇವರನ್ನು ಹಾಕಿಕೊಂಡ ಹಾಸ್ಯ ಧಾರಾವಾಹಿಯಲ್ಲಿ ಮನೆಮಂದಿಯೆಲ್ಲ ವಕೀಲರು. ಮುಂದಿನ ಕೋಣೆ ಆಫೀಸು, ಹಿಂದಿನದು ಅಡುಗೆಮನೆ. ಒಂದೇ ಕೇಸಿನಲ್ಲಿ ಮಗ ಒಂದು ಕಡೆ, ಸೊಸೆ ಇನ್ನೊಂದು ಕಡೆ. ಕಕ್ಷಿದಾರರ ಜಗಳ ಸಾರಿನ ಪಾತ್ರೆಯವರೆಗೂ ಬರುತ್ತಿತ್ತು. ಕೊನೆಗೆ ಮನೆಯ ಯಜಮಾನ, ಅಂದರೆ ಮಾವ, ಕನ್ನಡಕ ತೆಗೆದು ಒರೆಸಿ, “ಇದು ಕೋರ್ಟಿಗೆ ಹೋಗೋ ವಿಷಯ ಅಲ್ಲಪ್ಪ, ಊಟಕ್ಕೆ ಕೂತು ಮುಗಿಸೋ ವಿಷಯ,” ಅನ್ನುತ್ತಿದ್ದರು. ಎರಡೂ ಕಡೆಯವರು ಕೈತೊಳೆದು ಬಂದು ಕೂರುತ್ತಿದ್ದರು. ವಾರ ವಾರವೂ ಅಷ್ಟೇ, ಯಾರೂ ಸೋಲುತ್ತಿರಲಿಲ್ಲ. ಕರಿಕೋಟು ಟೀವಿ ಕೇಂದ್ರದ್ದು, ಬಿಚ್ಚಿಕೊಟ್ಟು ಬರಬೇಕಿತ್ತು. ಕನ್ನಡಕ ಮಾತ್ರ ಅವರದ್ದೇ.

ಧಾರಾವಾಹಿ ನಿಂತರೂ ಗಿರಾಕಿಗಳು ಬಿಡಲಿಲ್ಲ. ಕಣ್ಣು ತೋರಿಸಲು ಬಂದವರು ಪಕ್ಕದ ಮನೆಯವರ ಗೋಡೆಯ ತಕರಾರು ತೆಗೆಯುತ್ತಿದ್ದರು. “ನಾನು ಕನ್ನಡಕ ಮಾರೋನು ಕಣ್ರಯ್ಯಾ,” ಅಂದರೆ ಇನ್ನೂ ಜೋರಾಗಿ ನಗುತ್ತಿದ್ದರು. ಇಲ್ಲ ಇಲ್ಲ ಎಂದು ಹೇಳಿ ಹೇಳಿ ಮಾವನಿಗೂ ಸಾಕಾಯಿತೇನೋ. ಅತ್ತೆ ಹೋದರು, ಅಂಗಡಿ ಮುಚ್ಚಿತು, ಮನೆಯಲ್ಲಿ ಯಾರೂ ಅವರನ್ನು ಏನೂ ಕೇಳದಂತಾಯಿತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಹಳೆಯ ಕಂತುಗಳನ್ನೆಲ್ಲ ಫೋನಿನಲ್ಲಿ ನೋಡುವಂತೆ ಮಾಡಿದರು. ಟೈಲರಮ್ಮ ಮೆಷಿನ್ ತುಳಿಯುತ್ತಾ ಅದನ್ನೇ ಹಾಕಿಕೊಂಡಿರುತ್ತಿದ್ದಳು. ನೋಟಿಸು ಬಂದಾಗ ಸೀದಾ ಈ ಮನೆಗೇ ಬಂದಳು. ಮಾವ ಕನ್ನಡಕ ಒರೆಸಿ ಧಾರಾವಾಹಿಯ ಅದೇ ಮಾತು ಹೇಳಿದರು, ಕೋರ್ಟು ಬೇಡ, ಮೈದುನನ ಜೊತೆ ಊಟಕ್ಕೆ ಕೂತು ಮುಗಿಸು ಎಂದು.

ಸೊಸೆ ಸುಮ್ಮನಿರಲಿಲ್ಲ. ನಿನ್ನೆ ಮಾವನಿಗೇ ಹೇಳಿ ನೋಡಿದ್ದಳು. “ಮಾವ, ಅವರು ನಿಮ್ಮನ್ನ ನಿಜವಾದ ವಕೀಲರು ಅಂದ್ಕೊಂಡಿದಾರೆ.”

“ಅಂದ್ಕೊಳ್ಳಲಿ ಬಿಡಮ್ಮ. ನಾನೇನು ಫೀಸು ಕೇಳಿದ್ನಾ?”

“ನಾಳೆ ಅವರು ಹೋಗ್ಲೇಬೇಕು. ಇಲ್ದಿದ್ರೆ ಕೋಣೆ ಹೋಗತ್ತೆ.”

“ಮೈದುನನ ಹತ್ರ ಕೂತು ಉಂಡು ಮಾತಾಡೋದು ತಪ್ಪಾ?” ಎಂದು ಕೇಳಿದ ಮಾವನ ಮುಖ ಎಷ್ಟು ಮುಗ್ಧವಾಗಿತ್ತೆಂದರೆ, ಅವಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಟೈಲರಮ್ಮನನ್ನು ಗೇಟಿನ ಹತ್ತಿರ ಹಿಡಿದು, ಕೋರ್ಟಿಗೆ ಹೋಗಿ ಅಂದಿದ್ದಳು. ಅವಳು ನಕ್ಕು, “ನಿಮ್ಮ ಮಾವ ಹೇಳಿದ್ದು ಯಾವತ್ತಾದ್ರೂ ಸುಳ್ಳಾಗಿದ್ಯಾ? ಒಂದೇ ಒಂದು ಕಂತು ತೋರ್ಸಿ ನೋಡೋಣ,” ಅಂದಿದ್ದಳು. ಗಂಡನಿಗೆ ಹೇಳಿದರೆ, “ಗ್ಯಾಸು ಆಯ್ತು, ಬಾಟಲಿ ಆಯ್ತು, ಈಗ ಕೋರ್ಟಾ?” ಎಂದು ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟಿದ್ದ.

ಈಗ ಎದುರು ಕೋಣೆಗೆ ಬೀಗ ಬಿದ್ದಿತ್ತು. ಟೈಲರಮ್ಮ ಬೆಳಗಿನ ಬಸ್ಸಿಗೆ ಮೈದುನನ ಊರಿಗೆ ಹೋಗಿದ್ದಳು. ಸೊಸೆ ಆ ಬೀಗ ನೋಡುತ್ತಾ ನಿಂತಳು. ಮಾವ ವಕೀಲರಲ್ಲ ಅನ್ನುವ ಮಾತನ್ನು ಅವರ ಎದುರಿಗೇ ಆಡುವುದು ಹೇಗೆ? ಆಡದಿದ್ದರೆ ಆ ಮೆಷಿನ್ ಎಲ್ಲಿಗೆ ಹೋಗುತ್ತದೆ? ಮಗು ಅತ್ತಿತು. ಅದನ್ನು ಸೊಂಟಕ್ಕೆ ಏರಿಸಿಕೊಂಡೇ ಟೈಲರಮ್ಮನಿಗೆ ಫೋನು ಹಚ್ಚಿದಳು.

“ನಮ್ಮ ಮಾವ ವಕೀಲರಲ್ಲ ಕಣ್ರೀ. ಕನ್ನಡಕ ಮಾರ್ತಿದ್ರು. ಈಗ್ಲೇ ಹೊರಟ್ರೆ ಮಾತ್ರ ಹೊತ್ತಿಗೆ ಮುಟ್ತೀರಿ, ಕೋರ್ಟಿಗೆ ಬನ್ನಿ.”

ಆ ಕಡೆಯಿಂದ ನಗು. “ಧಾರಾವಾಹಿಲೂ ಸೊಸೆ ಹಿಂಗೇ ಅಲ್ವಾ, ಮಾವ ಹೇಳಿದ್ದಕ್ಕೆಲ್ಲ ಅಡ್ಡ. ಎಲ್ಲಿ, ವಕೀಲರಿಗೆ ಕೊಡಿ.”

ತಿರುಗಿದರೆ ಮಾವ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಇನ್ನೊಂದು ಕಾಲುಚೀಲ. ಎಲ್ಲ ಕೇಳಿಸಿಕೊಂಡಿದ್ದರು. ಅವರು ಸುಮ್ಮನೆ ಕೈ ಚಾಚಿದರು. ಸೊಸೆ ತಲೆ ಎತ್ತದೆ ಫೋನು ಕೊಟ್ಟಳು.

“ಅಮ್ಮಾ,” ಅಂದರು ಮಾವ. ಟೀವಿಯ ದನಿಯಲ್ಲ, ಅಂಗಡಿಯ ದನಿ. “ಅವಳು ಹೇಳಿದ್ದು ನಿಜ. ನಾನು ಕೋರ್ಟಿನ ಮೆಟ್ಟಿಲೂ ಹತ್ತಿದವನಲ್ಲ. ನೀನು ಕೋರ್ಟಿಗೆ ಹೋಗು.”

ಆ ಕಡೆ ಹಿಂದಿನಿಂದ ತಟ್ಟೆ ಇಡುವ ಸದ್ದು, ಯಾರೋ ಗಂಡಸು ಕೂತ್ಕೊಳ್ಳಿ ಅತ್ತಿಗೆ ಅನ್ನುವುದು.

“ಆಯ್ತು ವಕೀಲರೇ,” ಅಂದಳು ಟೈಲರಮ್ಮ. “ನೀವೇ ಹೋಗು ಅಂದ್ಮೇಲೆ ಹೋಗ್ತೀನಿ. ಬಡಿಸಿಬಿಟ್ಟಿದಾರೆ, ಉಂಡ್ಕೊಂಡೇ ಹೊರಡ್ತೀನಿ.”

“ಬೇಡಮ್ಮ, ಊಟ ಬಿಟ್ಟು ಏಳು,” ಅಂದರು ಮಾವ. ಫೋನು ಅಷ್ಟರಲ್ಲೇ ಕಟ್ಟಾಗಿತ್ತು. ಅದು ಗೊತ್ತಾಗದೆ ಅವರು ಇನ್ನೂ ಹೇಳುತ್ತಲೇ ಇದ್ದರು, “ಏಳಮ್ಮ, ಏಳು.”