ತಂಗಿ ಆರಿಸಿದ ಅಕ್ಷರ

ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಸೋಲಾಪುರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ನನ್ನದು. ತಂಗಿ ಅಕ್ಕಲಕೋಟೆಯ ಒಂದು ಖಾಸಗಿ ಕ್ಲಾಸಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಾಳೆ. ಹೋದ ವರ್ಷ ವಿದ್ಯಾರ್ಥಿಗಳಿಗಾಗಿ ಅವಳೇ ಒಂದು ಕೈಪಿಡಿ ಬರೆದಳು.

ಅದರೊಳಗಿನ ಕೋಡಿಗೆ, ಅಂದರೆ ಪ್ರೋಗ್ರಾಮಿನ ಸಾಲುಗಳಿಗೆ, ಯಾವ ಫಾಂಟ್, ಯಾವ ಅಕ್ಷರಮಾದರಿ ಎಂದು ನನ್ನ ಅಂಗಡಿಯಲ್ಲಿ ಎರಡು ರವಿವಾರ ಕಳೆದಳು. ನೋಡಲು ಒಂದೇ ತರಹದ ಸೊನ್ನೆ ಮತ್ತು ಇಂಗ್ಲಿಷಿನ ದೊಡ್ಡ ಓ, ಒಂದರ ಅಂಕಿ ಮತ್ತು ಸಣ್ಣ ಎಲ್ ಇವನ್ನು ಒಂದೊಂದು ಫಾಂಟಿನಲ್ಲಿ ಅಚ್ಚು ಹಾಕಿ, ಗೋಡೆಗೆ ಅಂಟಿಸಿ, ದೂರ ನಿಂತು ಓದುವಳು. ಕೊನೆಗೆ ಆರಿಸಿದ್ದರಲ್ಲಿ ಎಲ್ಲ ಅಕ್ಷರಗಳ ಅಗಲವೂ ಒಂದೇ. ಸೊನ್ನೆಯ ಹೊಟ್ಟೆಯಲ್ಲೊಂದು ಚುಕ್ಕಿ.

"ಇದೇನವ್ವಾ, ಹಳೇ ಟೈಪ್‌ರೈಟರ್ ಬಡದಂಗ ಐತಿ!" ಎಂದು ನಕ್ಕೆ.

"ನಗು ನೀ. ಇದನ್ನ ನೋಡಿ ಹುಡುಗ್ರು ಟೈಪ್ ಮಾಡಬೇಕು, ಲಗ್ನಕ್ಕ ಹೋಗೂದಿಲ್ಲ. ಒಂದಕ್ಷರಾನೂ ಮುಟ್ಟಬ್ಯಾಡ, ಅಣ್ಣಾ."

ಮುಟ್ಟಿದೆ. ಅಚ್ಚಿಗೆ ಹಾಕುವಾಗ ಅದು ಒಡ್ಡೊಡ್ಡಾಗಿ ಕಂಡಿತು. ಲಗ್ನಪತ್ರಿಕೆಯ ಇಂಗ್ಲಿಷ್ ಹೆಸರುಗಳಿಗೆ ಬಳಸುವ ನಾಜೂಕು ಫಾಂಟ್ ಹಾಕಿದೆ. ಎಷ್ಟೋ ಸಾಲುಗಳ ಆರಂಭದಲ್ಲಿ ಅವಳು ಖಾಲಿ ಜಾಗ ಬಿಟ್ಟಿದ್ದಳು. ನಮ್ಮ ಕಸುಬಿನಲ್ಲಿ ಹಾಗೆ ಬಿಟ್ಟರೆ ಗಿರಾಕಿ ಬೈಯುತ್ತಾನೆ. ಎಲ್ಲವನ್ನೂ ಎಡಕ್ಕೆ ಸರಿಸಿ ಒಂದೇ ಗೆರೆಗೆ ನಿಲ್ಲಿಸಿದೆ. ಆ ಜಾಗವೂ ಕೋಡಿನ ಭಾಗವೇ, ಅದು ಹೋದರೆ ಪ್ರೋಗ್ರಾಮ್ ನಡೆಯದು ಎಂಬುದು ಗೊತ್ತಿರಲಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ.

ಪುಸ್ತಕಗಳ ಗಂಟು ಹೊತ್ತು ನಾನೇ ಬಸ್ಸಿನಲ್ಲಿ ಅವಳ ಕ್ಲಾಸಿಗೆ ಒಯ್ದೆ. ಅಂದು ಪ್ರಾಕ್ಟಿಕಲ್. ಪುಸ್ತಕ ಹಂಚಿದ್ದೇ ತಡ, ಹುಡುಗರು ನೋಡಿ ನೋಡಿ ಟೈಪ್ ಮಾಡಿದರು. ಯಾರ ಪ್ರೋಗ್ರಾಮೂ ನಡೆಯಲಿಲ್ಲ. ಕ್ಲಾಸಿನ ಮಾಲೀಕ ಒಳಗೆ ಬಂದ.

"ಏನ್ ಬರದೀರಿ ಮ್ಯಾಡಮ್? ನಿಮಗ ಬರಂಗಿಲ್ಲ, ಇವರಿಗೇನ್ ಕಲಸ್ತೀರಿ? ಮುಂದಿನ ಬ್ಯಾಚ್ ನಿಮಗ ಕೊಡಂಗಿಲ್ಲ."

ಅವಳ ಮೂಲ ಪ್ರತಿಯ ಒಂದು ಪುಟವನ್ನಾದರೂ ತರಿಸಿ ನೋಡಬಾರದಿತ್ತೇ? ಇಡೀ ಕ್ಲಾಸಿನೆದುರು ಹಾಗೆ ಅನ್ನುವುದೇ? ಆ ಸೊಕ್ಕು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ತಂಗಿ ಪುಸ್ತಕ ತೆರೆದಳು, ಬಾಗಿಲಲ್ಲಿದ್ದ ನನ್ನತ್ತ ನೋಡಿದಳು. 'ತಪ್ಪು ನಂದರಿ' ಎಂಬಷ್ಟೇ ಮಾತು ಬೇಕಿತ್ತು. ಓದಿದವರೆದುರು ದಡ್ಡನಾಗಲು ನಾಚಿ ಸುಮ್ಮನಿದ್ದೆ.

ಹೊರಗೆ ಬಂದ ಮೇಲೆ ಕೇಳಿದೆ: "ತಪ್ಪು ಅಣ್ಣಂದು ಅಂತ ನೀ ಯಾಕ ಹೇಳ್ಲಿಲ್ಲ?"

"ನೀ ಹೇಳ್ತಿ ಅಂತ ಕಾಯಾಕತ್ತಿದ್ದೆ."

ಮರುದಿನ ಹೋಗಿ ಮಾಲೀಕನಿಗೆ ಎಲ್ಲ ಹೇಳಿದೆ. ಬ್ಯಾಚ್ ಆಗಲೇ ಬೇರೆಯವರ ಪಾಲಾಗಿತ್ತು. "ಹೋಗ್ಲಿ ಬಿಡ್ರಿ, ಒಂದ್ ಫಾಂಟಿಗೆ ಇಷ್ಟ್ಯಾಕ?" ಎಂದು ಅವನು ನಕ್ಕ. ಅವನಿಗೆ ಏನಾದರೂ ಅನ್ನೋಣವೆಂದರೆ, ಮೊದಲು ಹಾಗೆ ನಕ್ಕವನು ನಾನೇ.