ಎರಡು ಬೆರಳು ಬಿಗಿ

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಮನೆಯಲ್ಲಿ ಇಬ್ಬರು ಮೆಲ್ಲಗೆ ಮಾತಾಡಿದರೆ ಅದು ನನ್ನ ವಿಷಯವೇ ಎಂದು ಕಿವಿ ನೆಟ್ಟಗಾಗುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ರಾಯಚೂರಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಾಗ, ಆ ಬುದ್ಧಿಗೆ ಬೇಕಾದಷ್ಟು ಮೇವು ಸಿಕ್ಕಿತು.

ಶನಿವಾರ ಪೋತ್ನಾಳದ ಮನೆಗೆ ಹೋಗಿ ಸೋಮವಾರ ಮುಂಜಾನೆಯ ಬಸ್ಸಿಗೆ ತಿರುಗಿ ಬರುವುದು ನನ್ನ ರೂಢಿ. ಆ ಸಲ ಹೋದಾಗ ಪಡಸಾಲೆಯಲ್ಲಿ ಗುರುತಿಲ್ಲದ ಇಬ್ಬರು ಗಂಡಸರು ಚಹಾ ಕುಡಿಯುತ್ತಿದ್ದರು. ನಾನು ಕಾಲಿಟ್ಟೊಡನೆ ಮಾತು ನಿಂತಿತು. ಯಾರೆಂದು ಕೇಳಿದರೆ ಅವ್ವ ನನ್ನ ಮುಖ ನೋಡದೆ, "ದೇವದುರ್ಗದ ಕಡೇರು, ಮಸರಕಲ್‌ದವರು. ನಿಮ್ಮಪ್ಪನ ಪರಿಚಯ," ಎಂದಳು. ಅಜ್ಜಿಯಂತೂ ಅಂಥ ಸೆಕೆಯಲ್ಲೂ ಇಳಕಲ್ ಸೀರೆಯ ಕೆಂಪು ಸೆರಗನ್ನು ಮೈತುಂಬ ಹೊದ್ದು ಮೂಲೆ ಹಿಡಿದಿದ್ದಳು. ಊರ ಸುದ್ದಿಯೆಲ್ಲ ಬಾಯಿತುದಿಯಲ್ಲೇ ಇಟ್ಟುಕೊಂಡಿರುವ ಹೆಂಗಸು ಅಂದು ತುಟಿ ಬಿಚ್ಚಲಿಲ್ಲ. ಇವರು ಕನ್ಯೆ ಕೇಳಲು ಬಂದವರು, ಅಜ್ಜಿಯೂ ಇದರಲ್ಲಿ ಶಾಮೀಲು ಎಂದು ಅಲ್ಲೇ ತೀರ್ಮಾನಿಸಿದೆ.

ಸೋಮವಾರ ಹೊರಡುವಾಗ ಅವ್ವ ಒಂದು ಬಟ್ಟೆಯ ಗಂಟು ಕೈಗಿಟ್ಟಳು.

"ಮಾನ್ವಿಯಾಗ ಇಳದು ದರ್ಜಿಗೆ ಕೊಟ್ಟು ಹೋಗು. ಶನಿವಾರ ಬರುವಾಗ ಇಸಕೊಂಡು ಬಾ. ಅಳತಿ ಒಳಗ ಅದ, ನೀ ಬಿಚ್ಚಾಕ ಹೋಗಬ್ಯಾಡ."

ಹಾಗೆಂದ ಮೇಲೆ ಬಿಚ್ಚದಿರುವ ಜಾತಿಯವಳೇ ನಾನು? ಬಸ್ಸು ಊರು ದಾಟುವ ಮೊದಲೇ ಬಿಚ್ಚಿದೆ. ಕುಪ್ಪಸಕ್ಕೆಂದು ತಂದ ಕೆಂಪು ಅಂಚಿನ ಗಿಳಿಹಸಿರು ಖಣ. ನಮ್ಮ ಕಡೆ ಆಗ ದರ್ಜಿ ಹೆಂಗಸರ ಮೈಗೆ ಟೇಪು ಹಿಡಿಯುತ್ತಿರಲಿಲ್ಲ. ಸರಿಯಾಗಿ ಕೂರುವ ಹಳೆಯದೊಂದನ್ನು ಕಳಿಸಿದರೆ ಅದನ್ನೇ ಮುಂದಿಟ್ಟುಕೊಂಡು ಕತ್ತರಿಸುತ್ತಿದ್ದ. ಖಣದೊಳಗೆ ಅಳತೆಗೆಂದು ಮಡಿಸಿಟ್ಟದ್ದು ಅಜ್ಜಿಯ ಕುಪ್ಪಸವಲ್ಲ, ಅವ್ವನದೂ ಅಲ್ಲ. ಹೋದ ವರ್ಷ ನಾನು ಮನೆಯಲ್ಲಿ ಬಿಟ್ಟುಹೋಗಿದ್ದ ನನ್ನ ಹೂವಿನ ಜಂಪರ್!

ನಮ್ಮ ಓಣಿಯಲ್ಲಿ ಹುಡುಗಿ ಲಂಗ ಬಿಟ್ಟು ಇಳಕಲ್ ಸೀರೆ, ಖಣದ ಕುಪ್ಪಸ ತೊಟ್ಟಳೆಂದರೆ ಮದುವೆ ಗೊತ್ತಾಯಿತೆಂದೇ ಅರ್ಥ. ಪಕ್ಕದ ಮನೆಯ ನನ್ನ ಗೆಳತಿ, ಲೆಕ್ಕದಲ್ಲಿ ನನಗಿಂತ ಜಾಣೆ, ಕುಪ್ಪಸ ತೊಟ್ಟ ವಾರಕ್ಕೆ ಶಾಲೆ ಬಿಟ್ಟಿದ್ದಳು. ಹಾಸ್ಟೆಲಿನ ಹುಡುಗಿಯರು ಅದನ್ನು ಮುದುಕಿಯರ ವೇಷವೆಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಆ ಬಟ್ಟೆ ಕಂಡರೆ ಭಯವಾಗುತ್ತಿತ್ತು.

ಮಾನ್ವಿಯ ದರ್ಜಿ ವಯಸ್ಸಾದವರು. ಮನೆಯಲ್ಲಿ ದಖ್ಖನಿ, ಗಿರಾಕಿಗಳೊಂದಿಗೆ ನಮ್ಮದೇ ಕನ್ನಡ. ಖಣವನ್ನು ಬೆಳಕಿಗೆ ಹಿಡಿದು ನೋಡಿದರು.

"ಭಾರಿ ಮಾಲ್ ಅದ ಬೇಟಿ. ಮುಂದ ಗಂಟು ಹಾಕೋ ಕುಪ್ಪಸನೇ ಅಲ್ಲಾ? ನಿನಗೇನು?"

ಆಗ ನನಗೊಂದು ದುರ್ಬುದ್ಧಿ ಹೊಳೆಯಿತು.

"ಅಳತಿ ಜಂಪರ್ ಸಡಲ ಅದ ಚಾಚಾ. ಎರಡು ಬೆರಳು ಬಿಗಿ ಹಿಡೀರಿ."

"ಉಸರಾಡಾಕ ಜಾಗ ಬ್ಯಾಡೇನು?"

"ಅವ್ವನೇ ಹೇಳ್ಯಾಳ್ರಿ."

ಮೈಗೆ ಏರದ ಕುಪ್ಪಸ ತೊಡಿಸಿ ಯಾರ ಮುಂದೆ ಕೂರಿಸುತ್ತಾರೆ? ಇನ್ನೊಂದು ಹೊಲಿಸುವಷ್ಟರಲ್ಲಿ ಹತ್ತಿರ ಬಂದಿರುವ ನನ್ನ ಪರೀಕ್ಷೆಯಾದರೂ ಮುಗಿದಿರುತ್ತದೆ. ಇದು ನನ್ನ ಮಹಾ ಜಾಣತನ. ಆ ವಾರವಿಡೀ ಪುಸ್ತಕ ತೆರೆದಿಟ್ಟುಕೊಂಡು ಮನೆಯವರನ್ನು ಎದುರಿಸುವ ಮಾತುಗಳನ್ನೇ ಬಾಯಿಪಾಠ ಮಾಡಿದೆ. ಅಜ್ಜಿಯ ಮೇಲೇ ಹೆಚ್ಚು ಸಿಟ್ಟು. ನನ್ನನ್ನು ಕಾಲೇಜಿಗೆ ಕಳಿಸಲು ಅಪ್ಪನೊಡನೆ ಜಗಳವಾಡಿದವಳು ಅವಳೇ ಆಗಿದ್ದಳಲ್ಲ!

ಶನಿವಾರ ಹೊಲಿದ ಕುಪ್ಪಸವನ್ನು ಇಸಿದುಕೊಂಡು ಹೋಗಿ ಅಜ್ಜಿಯ ಮುಂದೆ ಒಗೆದೆ.

"ತಗೋರಿ ನಿಮ್ಮ ಕುಪ್ಪಸ! ನಾ ತೊಡಂಗಿಲ್ಲ. ದೇವದುರ್ಗಕ್ಕೂ ಹೋಗಂಗಿಲ್ಲ, ಕಾಲೇಜೂ ಬಿಡಂಗಿಲ್ಲ."

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ನಿನಗ್ಯಾಕ ಬೇ ಅದು? ಅದು ನಿಮ್ಮಜ್ಜಿದು."

"ಸುಳ್ಳು. ಅಳತಿಗೆ ನನ್ನ ಜಂಪರ್ ಇಟ್ಟಿದ್ರಿ."

ಅಜ್ಜಿ ನಕ್ಕಳು. "ಬಿಚ್ಚಬ್ಯಾಡ ಅಂದ್ರ ಬಿಚ್ಚೇ ನೋಡ್ಯಾಳ. ಇರ್ಲಿ. ನನ್ನ ಕುಪ್ಪಸ ಎಲ್ಲಾ ಜೋತು ಬೀಳಾಕತ್ತಾವ ಯವ್ವಾ. ಮುಂದಿನ ವಾರ ರಾಯಚೂರು ದೊಡ್ಡ ದವಾಖಾನಿಗೆ ಹೋಗಬೇಕು. ಜೋಲು ಕುಪ್ಪಸ ತೊಟಗೊಂಡು ಮಂದ್ಯಾಗ ಹ್ಯಾಂಗ ಹೋಗ್ಲಿ? ಅರಿವಿ ಹಾಕೋ ಗಳದ ಮ್ಯಾಲ ನಿನ್ನ ಜಂಪರ್ ಇತ್ತು. ತಿಂಗಳ ಹಿಂದ ತೊಟ್ಟು ನೋಡಿದೆ, ಆಗ ಕೂತಿತ್ತು."

"ಮಸರಕಲ್‌ದವರು?"

"ನಾಡಿ ನೋಡೋರು. ಅವರ ಕೈಲಾಗಲಿಲ್ಲ. ನಿನ್ನ ಪರೀಕ್ಷಿ ಮುಗಿಯೋತನ ಹೇಳಬ್ಯಾಡ ಅಂತ ನಾನೇ ಅಂದಿದ್ದೆ."

ಅಜ್ಜಿ ಮೊದಲಿನಿಂದ ದಪ್ಪ ಹೆಂಗಸು. ಅವಳ ತೋಳಿನ ಮೇಲೆ ತಲೆಯಿಟ್ಟು ಮಲಗಿ ಬೆಳೆದವಳು ನಾನು. ಪ್ರತಿ ಶನಿವಾರ ಎದುರಿಗೇ ಕುಳಿತು ಉಂಡಿದ್ದೆ. ಆ ಸೆರಗಿನೊಳಗೆ ಒಳಸಂಚು ಹುಡುಕಿದೆನೇ ಹೊರತು ಅವಳನ್ನು ನೋಡಿರಲಿಲ್ಲ. ಎಲ್ಲರ ಮನಸ್ಸಿನ ಮಾತು ಬಲ್ಲೆ ಎಂದು ಬೀಗುತ್ತಿದ್ದ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಜ್ಜಿ ಸೆರಗು ಇಳಿಸಿ ಹೊಸ ಕುಪ್ಪಸ ಕೈಗೆತ್ತಿಕೊಂಡಾಗ ನಾನು ಅಳುತ್ತಿದ್ದೆ.

"ಬ್ಯಾಡ ಅಜ್ಜಿ, ಬಿಗಿ ಆಗ್ತದ. ನಾನೇ ಹೇಳಿ ಬಿಗಿ ಮಾಡಿಸೀನಿ."

ಅವಳಿಗೆ ನನ್ನ ಮಾತು ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಬಿಟ್ಟಳೋ, ತಿಳಿಯದು. ತೋಳು ಏರಿಸಿಕೊಂಡು ನನ್ನ ಕಡೆ ತಿರುಗಿದಳು. "ನೀನೇ ಗಂಟು ಹಾಕು. ನನ್ನ ಬೆರಳಾಗ ಬಲ ಇಲ್ಲ."

ನಾನು ಯಾರಿಗೂ ಕುಪ್ಪಸದ ಗಂಟು ಹಾಕಿದವಳಲ್ಲ. ಎರಡು ತುದಿಗಳನ್ನು ಹಿಡಿದೆಳೆದೆ. ಸುಲಭವಾಗಿ ಕೂಡಿ ಬಂದವು. ಗಂಟು ಹಾಕಿದ ಮೇಲೂ ಅದರ ಕೆಳಗೆ ನನ್ನ ಎರಡು ಬೆರಳು ಸರಾಗವಾಗಿ ಹೋದವು.

"ಇನ್ನೊಂದೀಟು ಬಿಗಿ ಕಟ್ಟು ಯವ್ವಾ," ಎಂದಳು ಅಜ್ಜಿ.