ಗೌರಕ್ಕನ ಎಡಗಾಲು

ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ಗೌರಕ್ಕನ ಎಡಗಾಲಿನ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯನೇ ಇಲ್ಲ. ಕೂಸಿದ್ದಾಗ ಪೋಲಿಯೊ ಬಂದು ಸೊರಗಿದ ಕಾಲು ಅದು. ಅದಕ್ಕೆ ಯಾವ ಎಣ್ಣೆ ಹಚ್ಚಬೇಕು, ಅಂಥ ಕಾಲಿನವಳು ಏನು ಕೆಲಸ ಮಾಡಬೇಕು, ಎಲ್ಲಿ ಕೂಡಬೇಕು ಎಂದು ಹೇಳಲು ಎಲ್ಲರಿಗೂ ಪುರಸೊತ್ತಿದೆ. ಅವಳನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಕೇಳದವರಿಗೂ ಉಪದೇಶ ಮಾಡುವುದೇ ನನ್ನ ವೃತ್ತಿಯಾಗಿತ್ತು. ಅಂಥ ನನಗೇ ಈ ಮಂದಿಯನ್ನು ಕಂಡರೆ ಮೈ ಉರಿಯುತ್ತದೆ.

ಕುಳಿತು ಮಾಡುವ ಕೆಲಸವೇ ಒಳ್ಳೆಯದೆಂದು ಹರೆಯದಲ್ಲಿ ಮನೆಯವರು ಅವಳಿಗೆ ಹೊಲಿಗೆ ಯಂತ್ರ ಕೊಡಿಸಿದ್ದರಂತೆ. ಅದನ್ನೂ ಕಾಲಿನಿಂದಲೇ ತುಳಿಯಬೇಕೆಂಬುದು ಅಷ್ಟು ಜನ ಶಾಣ್ಯಾರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ! ಗೌರಕ್ಕ ಅದನ್ನು ಮಾರಿ ದೊಡ್ಡ ಪಾತೇಲಿಗಳನ್ನು ತಂದಳು, ಅಡುಗೆಗೆಂದು ಮದುವೆ ಮನೆಗಳಿಗೆ ಬಾಡಿಗೆಗೆ ಕೊಡತೊಡಗಿದಳು. ಇವತ್ತು ಅವಳ ತಗಡಿನ ಶೆಡ್ಡಿನಲ್ಲಿ ದೊಡ್ಡ ಊರೂಟಕ್ಕೆ ಸಾಕಾಗುವಷ್ಟು ಭಾಂಡೆ ಸಾಮಾನಿದೆ. ನಡೆಯುವಾಗ ತೊಡೆಯ ಮೇಲೆ ಕೈ ಒತ್ತಿ ಓಲಾಡುತ್ತಾಳೆ, ನಿಜ. ಆದರೆ ಅವಳ ತೋಳುಗಳನ್ನು ನೋಡಬೇಕು. ಇಬ್ಬರು ಹಿಡಿಯುವ ಪಾತೇಲಿಯನ್ನು ಒಬ್ಬಳೇ ಎತ್ತಿ ಗಾಡಿಗೇರಿಸುತ್ತಾಳೆ.

ಸಾಮಾನು ಸಾಗಿಸಲು ಮೊದಲು ಅಣ್ಣ ಶಿವಪುತ್ರಪ್ಪನ ಗಾಡಿಯೇ ಗತಿಯಾಗಿತ್ತು. ಅವನು ಮನಸ್ಸು ಬಂದಾಗ ಬರುವ ಆಸಾಮಿ. ಒಮ್ಮೆ ಅಮ್ಮಿನಬಾವಿಯ ಮದುವೆ ಮನೆಯಲ್ಲಿ ಅಕ್ಕಿ ತೊಳೆದಿಟ್ಟು ಕಾಯುತ್ತಿದ್ದರು, ಒಲೆ ಉರಿಯುತ್ತಿತ್ತು, ಪಾತೇಲಿಗಳು ಮಾತ್ರ ಇನ್ನೂ ಶೆಡ್ಡಿನಲ್ಲಿದ್ದವು. ಅಣ್ಣ ಗೆಳೆಯರ ಜೊತೆ ಚಹಾ ಕುಡಿಯುತ್ತಾ ಕೂತಿದ್ದ. ಬೈಗುಳ ತಿಂದವಳು ಗೌರಕ್ಕ. ಆಮೇಲೆ ಅವಳು ಹಟ ಹಿಡಿದು, ಹುಡುಕಿ ಹುಡುಕಿ, ಕ್ಲಚ್ ಇಲ್ಲದ, ಗೇರು ತಾನೇ ಬದಲಾಗುವ ಒಂದು ಹಳೆಯ ಪಿಕಪ್ ತಂದಳು. ಬಲಗಾಲೊಂದರಿಂದಲೇ ಓಡಿಸಬಹುದಾದ ಗಾಡಿ. ಕಲಿತಳು, ಲೈಸನ್ಸ್ ಮಾಡಿಸಿದಳು. ಅವಳು ಮೊದಲ ಸಲ ನನ್ನ ಮನೆಯ ಮುಂದೆ ಹಾರ್ನ್ ಹೊಡೆದು ನಿಂತ ದಿನ ನಾನು ಸೌಟು ಹಿಡಿದುಕೊಂಡೇ ಓಡಿಬಂದಿದ್ದೆ.

ಕಳೆದ ಚಳಿಗಾಲದಲ್ಲಿ ಅಮರಗೋಳದ ಹತ್ತಿರ ಆ ಗಾಡಿ ಕೈಕೊಟ್ಟಿತು. ಎಂಜಿನ್ ಅರಚುತ್ತದೆ, ಚಕ್ರ ಮಾತ್ರ ಕದಲುವುದಿಲ್ಲ. ದೊಡ್ಡ ಸರ್ವಿಸ್ ಸೆಂಟರೊಂದರವರು ಬಿಚ್ಚಿಯೂ ನೋಡದೆ ಇಡೀ ಗೇರ್ ಬಾಕ್ಸನ್ನೇ ಬದಲಿಸಬೇಕು, ಅದು ಸಿಗುವುದೂ ಕಷ್ಟ ಎಂದು ಕೈತೊಳೆದುಕೊಂಡರು. ಇನ್ನು ಓಣಿಯ ಪಂಡಿತರು ಬಿಡುತ್ತಾರೆಯೇ? ಎಲ್ಲರದೂ ಒಂದೇ ರಾಗ: ಸಾದಾ ಗೇರ್ ಬಾಕ್ಸ್ ಹಾಕಿಸಿ, ಕ್ಲಚ್ ಕೂಡಿಸಿ, ಡ್ರೈವರ್ ಇಟ್ಟುಕೊಳ್ಳಲಿ. ನನ್ನ ಯಜಮಾನರು ರಮಾಕಾಂತರಾಯರೂ ಊಟಕ್ಕೆ ಕೂತು ಅದನ್ನೇ ಅಂದರು.

"ಹಂಗ ಮಾಡಿದ್ರ ಗಾಡಿ ನಡೀತದ್ರಿ. ಗೌರಕ್ಕ ಹೆಂಗ ನಡೀಬೇಕು?" ಎಂದೆ. ಅವರು ತಲೆ ತಗ್ಗಿಸಿ ಸಾರು ಕಲಸಿಕೊಂಡರು.

ಮೆಕ್ಯಾನಿಕ್ ಇಸ್ತಿಯಾಕ ಬಂದು ನೋಡಿದ. "ಅಕ್ಕಾರ, ಗೇರ್ ಬಾಕ್ಸ್ ಛಲೋ ಐತಿ ಅನಸ್ತೈತಿ. ಟಾರ್ಕ್ ಕನ್ವರ್ಟರ್ ಅಷ್ಟ ಹೋಗಿರಬೇಕು. ಬಿಚ್ಚಿ ನೋಡೂಣು. ಆದ್ರ ಖರೇ ಹೇಳ್ತೇನ್ರಿ, ಈ ಕೆಲಸ ಒಬ್ನ ನಿಂತು ನಾ ಎಂದೂ ಮಾಡಿಲ್ಲ."

ಟಾರ್ಕ್ ಕನ್ವರ್ಟರ್ ಎಂದರೆ ಕುಂಬಳಕಾಯಿ ಗಾತ್ರದ ಉಕ್ಕಿನ ಗಡ್ಡೆ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೂತಿರುತ್ತದೆ. ಸಾದಾ ಗಾಡಿಯಲ್ಲಿ ಎಡಗಾಲು ಕ್ಲಚ್ ತುಳಿದು ಮಾಡುವ ಕೆಲಸವನ್ನು ಅದು ತನ್ನೊಳಗಿನ ಎಣ್ಣೆಯ ಬಲದಿಂದ ತಾನೇ ಮಾಡುತ್ತದೆ. ಇಸ್ತಿಯಾಕ ಇಷ್ಟು ವಿವರಿಸಿದಾಗ ಗೌರಕ್ಕ, "ಹಂಗಾರ ಅದ ನನ್ನ ಕಾಲು. ಬದಲ ಮಾಡೂಣು" ಎಂದಳು.

ಅವನ ಗ್ಯಾರೇಜು ರಸ್ತೆ ಬದಿಯ ಗೂಡು. ಮಣ್ಣಿನ ನೆಲದಲ್ಲಿ ಜಾಕ್ ನಿಲ್ಲುವುದಿಲ್ಲ. ನಮ್ಮ ಮನೆಯ ಮುಂದಿನ ಸಿಮೆಂಟಿನ ಅಂಗಳದಲ್ಲಿ ಕೆಲಸ ನಡೆಯಲಿ ಎಂದೆ. ಗೌರಕ್ಕ ತರಿಸಿದ ಹೊಸ ಕನ್ವರ್ಟರ್ ಪುಣೆಯಿಂದ ಬಂದ ಮರುದಿನ ಬೆಳಿಗ್ಗೆಯೇ ಗಾಡಿಯನ್ನು ಜಾಕಿನಿಂದ ಎತ್ತಿ, ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದರು. ಸೋರುವ ಎಣ್ಣೆ ಹಿಡಿಯಲು ಗೌರಕ್ಕ ತನ್ನದೊಂದು ತೂತುಬಿದ್ದ ಪಾತೇಲಿಗೆ ಬೆಸುಗೆ ಹಾಕಿಸಿ ತಂದಿದ್ದಳು. ಎಣ್ಣೆ ಕಪ್ಪಗೆ, ಸುಟ್ಟ ವಾಸನೆ ಹೊಡೆಯುತ್ತಾ ಇಳಿಯಿತು. ಗೇರ್ ಬಾಕ್ಸನ್ನು ಜಾಕಿನ ಮೇಲೆ ಇಳಿಸಿ ಹಿಂದಕ್ಕೆ ಸರಿಸಿ, ಹಳೆಯ ಕನ್ವರ್ಟರನ್ನು ಹೊರಗೆಳೆದು ಅಲ್ಲಾಡಿಸಿದರೆ ಒಳಗೆ ಏನೋ ಗಲಗಲ ಅಂದಿತು. "ಇದರಾಗ ಐತ್ರಿ ರೋಗ," ಎಂದು ಇಸ್ತಿಯಾಕ ಮೊದಲ ಸಲ ನಕ್ಕ.

ಹೊಸದನ್ನು ಕೂಡಿಸಬೇಕು ಎನ್ನುವಾಗ ಗೇಟಿನ ಮುಂದೆ ಗೂಡ್ಸ್ ಆಟೊ ಬಂದು ನಿಂತಿತು. ಶಿವಪುತ್ರಪ್ಪ ಇಳಿದ. ಆಟೊದ ಹಿಂಬದಿಯಲ್ಲಿ ಗುಜರಿಯಿಂದ ತಂದ ಸಾದಾ ಗೇರ್ ಬಾಕ್ಸು, ಅದರ ಮೇಲೆ ಕ್ಲಚ್ ಪೆಡಲು.

"ಇಸ್ತಿಯಾಕ, ಅದನ್ನ ಅಲ್ಲೇ ಬಿಡು. ಇದನ್ನ ಏರಸು," ಎಂದ. ತಂಗಿ ಎದುರಿಗೇ ನಿಂತಿದ್ದಳು; ಅವಳ ಕಡೆ ತಿರುಗಿಯೂ ನೋಡಲಿಲ್ಲ. "ಡ್ರೈವರ್‌ನೂ ಗೊತ್ತ ಮಾಡೇನಿ. ನಾಳಿಂದನ ಬರ್ತಾನ."

ನನಗೆ ತಡೆಯಲಾಗಲಿಲ್ಲ. "ಯಾರನ್ನ ಕೇಳಿ ತಂದ್ರಿ ಇದನ್ನ?"

"ಕೇಳೂದೇನೈತ್ರಿ ಬಾಯಾರ? ಆಕಿ ಛಲೋದಕ್ಕ ಅಲ್ಲೇನ್ರಿ? ಹೆಣ್ಣಮಗಳು, ಅದರಾಗ ಇಂಥಾ ಕಾಲು. ಎಷ್ಟ ದಿನ ಅಂತ ಹೊಡೀತಾಳ ಗಾಡಿ?"

ಛಲೋದಕ್ಕಂತೆ! ಈ ಒಂದು ಮಾತನ್ನು ಹೇಳಿ ಎಷ್ಟು ಜನರ ಬಾಯಿ ಮುಚ್ಚಿಸಿದ್ದಾರೋ. ಇಸ್ತಿಯಾಕ ಕೂಡ ಹಿರಿಯರ ಮಾತು ಮೀರಲಾರದೆ ಕೈ ಒರೆಸಿಕೊಳ್ಳುತ್ತಾ ಗಾಡಿಯ ಅಡಿಯಿಂದ ಹೊರಗೆ ಸರಿದ. ಅವನ ಮೇಲೂ ಸಿಟ್ಟು ಬಂತು ನನಗೆ.

ಗೌರಕ್ಕ ಸೆರಗು ಬಿಗಿದು ಸಿಕ್ಕಿಸಿಕೊಂಡು, ಹಾಸಿದ್ದ ಗೋಣಿಚೀಲದ ಮೇಲೆ ಕೂತು, ತೋಳ ಬಲದಿಂದ ಸರಿಯುತ್ತಾ ಗಾಡಿಯ ಅಡಿಗೆ ಹೋಗಿ ಅಂಗಾತ ಮಲಗಿದಳು. ಆಗ ನನಗೆ ಹೊಳೆಯಿತು, ಗಾಡಿಯ ಅಡಿಯಲ್ಲಿ ಯಾರ ಕಾಲೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಬೇಕಾದದ್ದು ತೋಳು.

"ಇಸ್ತಿಯಾಕ, ಹೇಳಪಾ. ಹೆಂಗ ಕೂಡಸೂದು?"

ಅವನು ಶಿವಪುತ್ರಪ್ಪನ ಮುಖ ನೋಡಿದ. ಆಮೇಲೆ ತಾನೂ ಮಲಗಿ ಒಳಗೆ ಸರಿದ. "ತಿರುವಿಕೋಂತ ಒತ್ರಿ ಅಕ್ಕಾರ. ಮೂರು ಸಲ ಟಕ್ ಅಂದು ಒಳಗ ಇಳೀಬೇಕು."

ಅವನು ಕೆಳಗಿನಿಂದ ಆನಿಸಿ ಹಿಡಿದ, ಅವಳು ತಿರುವಿದಳು. ಒಮ್ಮೆ ಟಕ್ ಎಂದಿತು. ಇನ್ನೊಮ್ಮೆ ಎಂದಿತು. ಅಲ್ಲಿಗೆ ನಿಂತುಬಿಟ್ಟಿತು.

ಶಿವಪುತ್ರಪ್ಪ ಬಗ್ಗಿ ಇಣುಕಿದ. "ಬೆರಳಷ್ಟ ಉಳದೈತಿ. ಬೋಲ್ಟ್ ಹಾಕಿ ಬಿಗೀರಿ, ತಾನ ಹೋಗ್ತೈತಿ."

"ಹಂಗ ಎಳದ್ರ ಒಳಗಿನ ಪಂಪ್ ಒಡೀತೈತ್ರಿ ಕಾಕಾ. ಮತ್ತ ಪೂರಾ ಬಾಕ್ಸ್ ಹೋಗ್ತೈತಿ."

"ನನಗ ಹೇಳ್ತೀ? ನೀ ಹುಟ್ಟೂಕಿಂತ ಮೊದ್ಲಿಂದ ಗಾಡಿ ಹೊಡ್ಯಾಕತ್ತೇನಿ."

ಗೌರಕ್ಕನ ತೋಳಿನ ನರಗಳು ಉಬ್ಬಿದ್ದವು. ಬೆವರು ಕಣ್ಣಿಗಿಳಿಯುತ್ತಿತ್ತು. ತುಸು ಹಿಂದಕ್ಕೆ, ತುಸು ಮುಂದಕ್ಕೆ, ಸರಿಯಾಗಿ ಕೂಡದ ಕುಕ್ಕರ್ ಮುಚ್ಚಳವನ್ನು ಹೊಂದಿಸುವ ಹಾಗೆ ತಿರುವುತ್ತಲೇ ಇದ್ದಳು. ಅದು ಕೂಡದಿದ್ದರೆ ಗೇಟಿನಲ್ಲಿ ಕಾದಿರುವ ಕ್ಲಚ್ ಪೆಡಲು ಒಳಗೆ ಬರುವುದು, ಗೌರಕ್ಕ ಮತ್ತೆ ಯಾರದೋ ಮರ್ಜಿ ಕಾಯುತ್ತಾ ಶೆಡ್ಡಿನ ಬಾಗಿಲಲ್ಲಿ ಕೂಡುವುದು ಖಂಡಿತವಿತ್ತು.

ಟಕ್.

"ಇಳೀತ್ರಿ ಅಕ್ಕಾರ!" ಎಂದು ಇಸ್ತಿಯಾಕ ಕೂಗಿದ. ಒಳಗಿದ್ದ ನಮ್ಮ ರಾಯರೂ ಹೊರಗೆ ಬಂದರು.

ಗೇರ್ ಬಾಕ್ಸ್ ಏರಿಸಿ, ಬೋಲ್ಟ್ ಬಿಗಿದು, ಹೊಸ ಎಣ್ಣೆ ಹಾಕಿ, ಗಾಡಿಯನ್ನು ನೆಲಕ್ಕಿಳಿಸುವಷ್ಟರಲ್ಲಿ ಸಂಜೆಯಾಯಿತು. ನಾನು ಚಕ್ರಗಳ ಮುಂದೆ ಇಡಲು ನಿಂಬೆಹಣ್ಣು ತಂದೆ. ಗೌರಕ್ಕ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಶಿವಪುತ್ರಪ್ಪ ಇಸ್ತಿಯಾಕನ ಕೈಯಿಂದ ಕೀಲಿ ಇಸಿದುಕೊಂಡಿದ್ದ.

"ಮೊದ್ಲ ಸಲ ಮನೀ ಗಂಡಮಗ ಹೊಡೀಬೇಕು. ಪದ್ಧತಿ ಐತಿ," ಎಂದು ಹತ್ತಿ ಕೂತೇಬಿಟ್ಟ.

ಯಾವ ಊರಿನ ಪದ್ಧತಿಯೋ! ಎಂಜಿನ್ ಚಾಲೂ ಮಾಡಿ ಗೇರು ಹಾಕಿದ. ಗಾಡಿ ಮೆಲ್ಲಗೆ ಸರಿಯಿತು. ಜನ್ಮವಿಡೀ ಕ್ಲಚ್ ತುಳಿದ ಅವನ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ ಜೋರಾಗಿ ಒದೆಯಿತು. ಅಲ್ಲಿದ್ದದ್ದು ಬ್ರೇಕು. ಗಾಡಿ ಗಕ್ಕನೆ ನಿಂತಿತು. ಅವನ ಎದೆ ಸ್ಟೇರಿಂಗಿಗೆ ಬಡಿಯಿತು, ಹಾರ್ನು ಕಿರುಚಿತು. ಮತ್ತೆ ಬಿಟ್ಟ, ಮತ್ತೆ ಒದ್ದ, ಈ ಸಲ ಹಣೆ ಗಾಜಿಗೆ ತಾಗಿತು.

"ಏನ್ ಮಾಡಿಟ್ಟೀಯೋ ಇದಕ್ಕ?" ಎಂದು ಇಸ್ತಿಯಾಕನ ಮೇಲೆ ಹರಿಹಾಯ್ದ.

ಗೌರಕ್ಕ ತೊಡೆಯ ಮೇಲೆ ಕೈ ಒತ್ತಿಕೊಂಡು ಓಲಾಡುತ್ತಾ ಹೋಗಿ ಗಾಡಿಯ ಬಾಗಿಲು ತೆರೆದಳು. ಒಳಗೆ ಬಗ್ಗಿ ಅಣ್ಣನ ಕಾಲು ನೋಡಿದಳು.

"ಅಣ್ಣಾ, ಆ ಕಾಲು ತಗಿ. ಈ ಗಾಡ್ಯಾಗ ಎಡಗಾಲಿಗೆ ಏನೂ ಕೆಲಸಿಲ್ಲ."

ಶಿವಪುತ್ರಪ್ಪ ಕೆಂಪಗಾದ ಹಣೆ ಉಜ್ಜಿಕೊಳ್ಳುತ್ತಾ ಇಳಿದ. ಗೌರಕ್ಕ ಹತ್ತಿ ಕೂತು, ಆಟೊದಲ್ಲಿದ್ದ ಅವನ ಗೇರ್ ಬಾಕ್ಸನ್ನು ತನ್ನ ಗಾಡಿಯ ಹಿಂಬದಿಗೆ ಏರಿಸಲು ಹೇಳಿದಳು.

"ಬಾ, ಆ ಬಾಜೂಕ ಹತ್ತು," ಎಂದಳು. "ಇದನ್ನ ತಂದಲ್ಲೇ ಕೊಟ್ಟ ಬರೂಣು."

ಅವನು ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು ಕೂತ. ಕೈಯಲ್ಲೇ ಉಳಿದಿದ್ದ ನಿಂಬೆಹಣ್ಣುಗಳನ್ನು ನಾನು ಈಗ ಚಕ್ರಗಳ ಮುಂದಿಟ್ಟೆ. ಗೌರಕ್ಕ ಗಾಡಿ ಬಿಟ್ಟಳು, ಅವು ಅಪ್ಪಚ್ಚಿಯಾದವು.